ಮಾಂಟ್ರಿಯಲ್‌ನಿಂದ ಕಾಸಾಬ್ಲಾಂಕಾಗೆ

ತೂದಾ ಅಕ್ಕಾ,

ಇವತ್ತು ನಿನ್ನನ್ನು ಕರೆತಂದೆ. ಮಾಂಟ್ರಿಯಲ್‌ನಿಂದ ಕಾಸಾಬ್ಲಾಂಕಾಗೆ ಐದೂಮುಕ್ಕಾಲು ಸಾವಿರ ಕಿಲೋಮೀಟರ್ ಎಂದು ಎದುರಿನ ಪರದೆ ತೋರಿಸುತ್ತಿತ್ತು. ಪಕ್ಕದ ಸೀಟಿನ ಮುದುಕರು ಕೇಳಿದರು, "ಒಬ್ಬನೇನಾ ಮಗಾ?"

"ಇಲ್ಲ ಹಾಜಿ, ಅಕ್ಕ ಇದ್ದಾಳೆ."

"ಎಲ್ಲಿ ಕೂತಿದ್ದಾಳೆ?"

"ಕೆಳಗೆ, ಪೆಟ್ಟಿಗೆಯಲ್ಲಿ," ಎಂದೆ. ಅವರು ತಮ್ಮ ಪಾಲಿನ ಖರ್ಜೂರವನ್ನು ನನ್ನ ತಟ್ಟೆಗಿಟ್ಟರು. ತಿಂದೆ.

ಅಮ್ಮ ನಮ್ಮೂರು ರಶೀದಿಯಾದಿಂದ ಬಸ್ಸಿನಲ್ಲಿ ಬಂದು ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಅಳಲಿಲ್ಲ. "ಎಷ್ಟು ಹೊತ್ತು ಹಿಡೀತೋ?" ಎಂದಳು.

"ಆರೂವರೆ ಗಂಟೆ ಅಮ್ಮಾ."

"ಅಷ್ಟೇನಾ? ನಂಗೆ ಬಸ್ಸಲ್ಲೇ ಹತ್ತು ಗಂಟೆ ಆಯ್ತಲ್ಲೋ! ನಾನೂ ಅಲ್ಲಿಗೆ ಬರ್ತೀನಿ ಅಂದಾಗೆಲ್ಲ 'ತುಂಬಾ ದೂರ ಅಮ್ಮಾ, ನಿನ್ನ ಕೈಲಾಗಲ್ಲ' ಅಂತಿದ್ಲಲ್ಲ ನಿನ್ನಕ್ಕ?"

ನಿನ್ನ ಪೆಟ್ಟಿಗೆ ಹೊರಬರುವ ಬಾಗಿಲಿನ ಕಡೆಗೆ ಅವಳನ್ನು ಕೈಹಿಡಿದು ನಡೆಸಿಕೊಂಡು ಹೋದೆ.