ರೋಗಿ ಸಹಕರಿಸುವುದಿಲ್ಲ

ಜೂನ್ 3, ಸೋಮವಾರ

ಬೆಳಿಗ್ಗೆ ಮೂರು ಮೊಣಕಾಲು, ಒಂದು ಭುಜ, ಒಂದು ಲಕ್ವ. ಮಧ್ಯಾಹ್ನ ಇನ್ನೆರಡು ಸೊಂಟ. ಫಿಸಿಯೋಥೆರಪಿ ವಿಭಾಗದಲ್ಲಿ ನಾವು ಮನುಷ್ಯರನ್ನು ಎಣಿಸುವುದೇ ಹೀಗೆ. ಮೂರನೆಯ ಮೊಣಕಾಲಿನವರು ನಿವೃತ್ತ ಬಸ್ ಡ್ರೈವರ್. ಅವರ ಕಾಲು ಎತ್ತಿ ಹಿಡಿದಿದ್ದೆ, ಅರ್ಧದಲ್ಲೇ ಕೆಳಗಿಟ್ಟು ಮಂಚದ ಅಂಚಿಗೆ ಒರಗಿದೆ.

"ಯಾಕಮ್ಮ, ಕಾಲು ನಂದು, ನೋವು ನಿಮಗಾ?" ಎಂದರು.

ನಕ್ಕೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ವ್ಯಾಯಾಮದ ಮ್ಯಾಟ್‌ಗಳ ಮೇಲೆ ಬಿದ್ದುಕೊಂಡೆ. ಇಪ್ಪತ್ತು ನಿಮಿಷ. ಯಾರೂ ನೋಡಲಿಲ್ಲ.

ವರ್ಷದ ಮೊದಲಲ್ಲಿ ಬಂದ ಆ ವೈರಲ್ ಜ್ವರ ಬಿಟ್ಟು ಐದು ತಿಂಗಳಾಯಿತು. ಜ್ವರ ಹೋಯಿತು, ನಾನು ಮಾತ್ರ ವಾಪಸ್ ಬಂದಿಲ್ಲ.

ಜೂನ್ 8

ರಿಪೋರ್ಟುಗಳು ಬಂದವು. ರಕ್ತ, ಥೈರಾಯ್ಡ್, ಸಕ್ಕರೆ, ಹೃದಯ — ಎಲ್ಲ ನಾರ್ಮಲ್. ಡಾಕ್ಟರ್ ಹಾಳೆ ತಿರುವುತ್ತ, "ನನಗಿಂತ ನೀವೇ ಚೆನ್ನಾಗಿದ್ದೀರಿ. ವಾಕಿಂಗ್ ಶುರು ಮಾಡಿ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ" ಎಂದರು. ಹದಿನೈದು ವರ್ಷದಿಂದ ಎಲ್ಲರಿಗೂ ನಾನೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ.

ಮನೆಯಲ್ಲಿ ನಮ್ಮ ಯಜಮಾನರಿಗೆ ಖುಷಿಯೋ ಖುಷಿ. "ನೋಡಿದ್ಯಾ? ಏನೂ ಇಲ್ಲ."

ಏನೂ ಇಲ್ಲದಿರುವುದು ಇಷ್ಟು ಭಾರವೇ?

ಜೂನ್ 13

ಹತ್ತು ನಿಮಿಷ. ಹನ್ನೆರಡು. ಹದಿನಾಲ್ಕು. ಇವತ್ತು ಹದಿನಾರು, ಪಾರ್ಕಿನ ಗೇಟಿನ ತನಕ. ಬೆನ್ನು ತಟ್ಟಿಕೊಂಡೆ. ಜೊತೆಗೆ ನಮ್ಮ ಮನೆಯ ಲಾಯರ್ ಇದ್ದಳು — ಮಗಳಿಗೆ ನಾವಿಟ್ಟ ಹೆಸರು. ಹನ್ನೆರಡು ವರ್ಷ, ಕೂತರೂ ನಿಂತರೂ ವಾದ.

"ಅಮ್ಮ, ನಿನ್ನ ಮುಖ ಬಿಳೀ ಪೇಪರ್ ಥರ ಆಗಿದೆ. ವಾಪಸ್ ಹೋಗೋಣ."

"ಆಬ್ಜೆಕ್ಷನ್ ಓವರ್‌ರೂಲ್ಡ್," ಎಂದೆ.

ಜೂನ್ 28

ಹದಿನೈದು ದಿನ ಬರೆದಿಲ್ಲ. ಪೆನ್ನು ಹಿಡಿಯಲಾಗಲಿಲ್ಲ, ಅಷ್ಟೇ. ವಾಕಿಂಗಿನ ಮಾರನೆಯ ದಿನ ಏಳಲು ಹೋದೆ, ಮೈ ಏಳಲಿಲ್ಲ. ಒಳಗೆಲ್ಲ ಒದ್ದೆ ಮರಳು ತುಂಬಿದ ಹಾಗೆ. ಗಂಟಲು ನೋವು. ಬೆಳಕು ಚುಚ್ಚುತ್ತದೆ. ಪಕ್ಕದ ಮನೆಯ ಮಿಕ್ಸಿ ನನ್ನ ತಲೆಯೊಳಗೇ ತಿರುಗುತ್ತದೆ. ಹತ್ತು ಗಂಟೆ ಮಲಗಿ ಎದ್ದರೂ ನಿದ್ದೆಯೇ ಮಾಡದ ಹಾಗೆ.

ನಿನ್ನೆ ಬಾಚಣಿಗೆ ಅನ್ನುವ ಪದವೇ ನೆನಪಾಗಲಿಲ್ಲ. "ಆ ಹಲ್ಲಿರೋದು ಕೊಡು" ಎಂದೆ. ಮಗಳು ಟೂತ್‌ಬ್ರಷ್ ತಂದುಕೊಟ್ಟಳು. ಇಬ್ಬರೂ ನಕ್ಕೆವು. ತಲೆ ಬಾಚಿಕೊಂಡ ಕೈ ಸಂಜೆಯ ತನಕ ಕೆಲಸಕ್ಕೆ ಬರಲಿಲ್ಲ. ನಕ್ಕಿದ್ದಕ್ಕೂ ಸುಸ್ತು.

ಜುಲೈ 6, ಶನಿವಾರ

ಇವರು ಪಾತ್ರೆ ತೊಳೆಯುತ್ತ ಅಡುಗೆಮನೆಯಿಂದಲೇ ಶುರು ಮಾಡಿದರು. "ಸುಸ್ತು ನಂಗೂ ಆಗುತ್ತೆ. ಎಲ್ಲರಿಗೂ ಆಗುತ್ತೆ. ಮನಸ್ಸು ಗಟ್ಟಿ ಮಾಡ್ಕೊಂಡು ಎದ್ದು ಓಡಾಡಿದ್ರೆ…"

"ಎದ್ದು ಓಡಾಡಿಯೇ ಹೀಗಾಗಿರೋದು ರೀ."

"ಹಾಗಂತ ಹೀಗೇ ಮಲಗಿರ್ತೀಯಾ?"

ಒಳಗೆ ನಲ್ಲಿ ತುಂಬ ಹೊತ್ತು ಸುರಿಯುತ್ತಲೇ ಇತ್ತು. ತೊಳೆಯಲು ಏನೂ ಉಳಿದಿರಲಿಲ್ಲ ಎಂದು ನನಗೆ ಗೊತ್ತು. ಮೂರೇ ತಟ್ಟೆ, ಮೂರೇ ಲೋಟ.

ಜುಲೈ 19

ಬೇರೆ ಡಾಕ್ಟರ್. ಹೆಂಗಸು. ಮುಕ್ಕಾಲು ಗಂಟೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ: "ಜಾಸ್ತಿ ಓಡಾಡಿದ ದಿನ ಹೇಗೋ ನಡೆಯುತ್ತೆ. ಮಾರನೇ ದಿನ, ಇಲ್ಲ ಅದರ ಮಾರನೇ ದಿನ ಬೀಳ್ತೀರಿ. ಹೌದಾ?"

ಗಳಗಳ ಅತ್ತುಬಿಟ್ಟೆ.

ಕ್ರಾನಿಕ್ ಫಟೀಗ್ ಸಿಂಡ್ರೋಮ್ — ವರ್ಷಗಟ್ಟಲೆ ಬಿಡದ ಸುಸ್ತಿನ ಕಾಯಿಲೆ. "ಸೋಮಾರಿತನ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಗುಣ ಮಾಡೋ ಮಾತ್ರೆ ಇಲ್ಲ. ನಿದ್ದೆಗೆ, ನೋವಿಗೆ ಕೊಡ್ತೀನಿ. ಉಳಿದಿದ್ದು ನೀವು ಕಲೀಬೇಕು. ಸುಸ್ತಾದ ಮೇಲೆ ನಿಲ್ಲಿಸೋದಲ್ಲ, ಸುಸ್ತಾಗೋ ಮುಂಚೆ."

ಇವರು ಪಕ್ಕದಲ್ಲೇ ಕೂತಿದ್ದರು. ಮನೆಯ ಮೆಟ್ಟಿಲ ಬಳಿ ಬಂದಾಗ, "ತಪ್ಪಾಯ್ತು ಕಣೇ" ಎಂದು ನನ್ನನ್ನು ಎತ್ತಿಕೊಂಡೇ ಹತ್ತಿದರು.

ಜುಲೈ 20

ಈ ಹೆಸರು ನನಗೆ ಹೊಸದಲ್ಲ. ನಿನ್ನೆ ಅಲ್ಲಿ ಬಾಯಿ ಬಿಡಲಿಲ್ಲ.

ಆರು ವರ್ಷದ ಹಿಂದೆ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದವರೊಬ್ಬರು ನನ್ನ ಬಳಿ ಬಂದರು. ನಾವು ಲೈಬ್ರರಿ ಮೇಡಂ ಎನ್ನುತ್ತಿದ್ದೆವು. ಅವರು ತಂದಿದ್ದ ಡಾಕ್ಟರ ಚೀಟಿಯಲ್ಲಿ ಇದೇ ಹೆಸರಿತ್ತು. ಮೊದಲ ದಿನ ತಾವೇ ನಡೆದು ಬಂದಿದ್ದರು. ವ್ಯಾಯಾಮದ ಸೈಕಲ್ ಹತ್ತಿಸಿದೆ. ದಿನಾ ಎರಡೆರಡು ನಿಮಿಷ ಜಾಸ್ತಿ. "ಆಗ್ತಿಲ್ಲ" ಎಂದಾಗ "ಆಗುತ್ತೆ ಮೇಡಂ, ಮನಸ್ಸು ಮಾಡಿ" ಎಂದೆ. ಮೂರನೆಯ ವಾರ ಗಾಲಿಕುರ್ಚಿಯಲ್ಲಿ ಬಂದರು. ಆಗಲೂ ಸೈಕಲ್ ಹತ್ತಿಸಿದೆ. ನಾಲ್ಕನೆಯ ವಾರ ಬರಲಿಲ್ಲ.

ಫೈಲಿನಲ್ಲಿ ಬರೆದೆ: ರೋಗಿ ಸಹಕರಿಸುವುದಿಲ್ಲ. ದುಂಡಗಿನ ಅಕ್ಷರ, ಕೆಳಗೆ ಸಹಿ.

ಜುಲೈ 27

ಲೈಬ್ರರಿ ಮೇಡಂಗೆ ಫೋನ್ ಮಾಡಿದೆ. ಎತ್ತಿದ್ದು ಅವರ ತಮ್ಮ. ನಾನು ಯಾರೆಂದು ಹೇಳಿದ ಮೇಲೆ ಫೋನನ್ನು ಅಕ್ಕನಿಗೆ ಕೊಟ್ಟರು. ಆಮೇಲೆ ಅವರ ದನಿ — ಬರೀ ಪಿಸುಮಾತು.

"ನಾಲ್ಕು ನಿಮಿಷ. ಟೈಮರ್ ಇಟ್ಟಿದ್ದೀನಿ."

"ಮೇಡಂ, ನಾನು ಆಗ ನಿಮಗೆ…"

"ಅದಕ್ಕೆ ನನ್ನ ಹತ್ರ ನಿಮಿಷ ಇಲ್ಲ. ಕೆಲಸಕ್ಕೆ ಬರೋದು ಹೇಳ್ತೀನಿ, ಬರ್ಕೊಳ್ಳಿ."

ಬರೆದುಕೊಂಡೆ. ಸ್ನಾನ ಸ್ಟೂಲಿನ ಮೇಲೆ ಕೂತು. ಇಷ್ಟು ಮಾಡಬಲ್ಲೆ ಅನ್ನಿಸಿದರೆ ಅದರಲ್ಲಿ ಅರ್ಧ ಮಾತ್ರ. ಮಾತು, ಓದು, ಅಳು, ಎಲ್ಲವೂ ಕೆಲಸವೇ. "ಹೆದರಬೇಕಾದ್ದು ಕೆಟ್ಟ ದಿನಕ್ಕಲ್ಲ, ಒಳ್ಳೇ ದಿನಕ್ಕೆ. ಅವತ್ತೇ ನಾವು ಕೆಡಿಸ್ಕೊಳ್ಳೋದು."

"ನೀವೀಗ ಹೇಗಿದ್ದೀರಿ?"

"ಹಾಸಿಗೆಯಿಂದ ಕಿಟಕಿ ಕಾಣುತ್ತೆ."

ಟೈಮರ್ ಕೂಗಿತು. ಫೋನ್ ಇಟ್ಟರು.

ಕ್ಷಮಿಸಿದರೋ ಇಲ್ಲವೋ. ಕೇಳುವ ಮುಖವೂ ನನಗಿಲ್ಲ.

ಆಗಸ್ಟ್ 24

ಅರ್ಧ ಗಂಟೆ ಎದ್ದಿರುವುದು, ಒಂದು ಗಂಟೆ ಪರದೆ ಎಳೆದು ಮಲಗುವುದು. ಮತ್ತೆ ಅರ್ಧ ಗಂಟೆ. ಇವರು ಅಡುಗೆ ಕಲಿಯುತ್ತಿದ್ದಾರೆ. ಉಪ್ಪು ಒಂದು ದಿನ ಇಲ್ಲವೇ ಇಲ್ಲ, ಇನ್ನೊಂದು ದಿನ ಎರಡು ಸಲ. ನಾಲ್ಕು ವಾರದಿಂದ ಬಿದ್ದಿಲ್ಲ. ಮೇಲಕ್ಕೂ ಹತ್ತಿಲ್ಲ.

ಹೋದ ವಾರ ರಾಜೀನಾಮೆ ಕಳಿಸಿದ್ದೆ. ಜೊತೆಗೆ ವಿಭಾಗದ ಮುಖ್ಯಸ್ಥರಿಗೆ ಒಂದು ಕೋರಿಕೆ: ಲೈಬ್ರರಿ ಮೇಡಂ ಫೈಲಿನ ಆ ಸಾಲನ್ನು ಹೊಡೆದುಹಾಕಿ, ಕೆಳಗೆ "ಚಿಕಿತ್ಸೆ ಕೊಟ್ಟವರು ಕೇಳಿಸಿಕೊಳ್ಳಲಿಲ್ಲ" ಎಂದು ಬರೆಯಿರಿ.

ರಾಜೀನಾಮೆ ಅಂಗೀಕಾರವಾಯಿತು. ಹಳೆಯ ಫೈಲು ತಿದ್ದಲು ಬರುವುದಿಲ್ಲವಂತೆ.

ಸೆಪ್ಟೆಂಬರ್ 13, ಶುಕ್ರವಾರ

ನಮ್ಮ ಲಾಯರ್ ಮಗಳ ಶಾಲೆಯಲ್ಲಿ ಚರ್ಚಾಸ್ಪರ್ಧೆಯ ಫೈನಲ್. ಇದಕ್ಕಾಗಿ ಹತ್ತು ದಿನ ಮೈಯನ್ನು ಉಳಿಸಿಕೊಂಡಿದ್ದೆ. ಸ್ನಾನ ಕೂಡ ಬಿಟ್ಟು. ಗಾಲಿಕುರ್ಚಿ, ಕಪ್ಪು ಕನ್ನಡಕ, ಕಿವಿಗೆ ಹತ್ತಿ. ಅವಳ ಸರದಿಯ ಐದು ನಿಮಿಷ ಕೇಳಿ ವಾಪಸ್ — ಇವರ ಜೊತೆ ಒಪ್ಪಂದ.

ಮೈಕಿನ ಮುಂದೆ ನನ್ನ ಮಗಳು. ಅಳುಕೇ ಇಲ್ಲ. ಎದುರಿನ ಹುಡುಗ ನೀರು ಕುಡಿದ.

"ನಡಿ, ಐದು ನಿಮಿಷ ಆಯ್ತು," ಎಂದರು ಇವರು. ಹೋಗಲಿಲ್ಲ. ಬಹುಮಾನದ ತನಕ ಕಾದೆ. ಅವಳ ಹೆಸರು ಕೂಗಿದರು, ಫಸ್ಟ್. ಎದ್ದು ನಿಂತುಬಿಟ್ಟೆ. ಅಂಗೈ ಉರಿಯುವ ತನಕ ಚಪ್ಪಾಳೆ. ಅವಳು ವೇದಿಕೆಯಿಂದ ನೋಡಿದಳು. ಎಷ್ಟು ದಿನದ ಮೇಲೆ ಎಷ್ಟು ಹಗುರ ಇವತ್ತು.

ಅಕ್ಟೋಬರ್ 30

ಪೆನ್ಸಿಲ್. ಮಲಗಿಕೊಂಡೇ.

ಚರ್ಚಾಸ್ಪರ್ಧೆಯ ಮಾರನೇ ದಿನ ಬಿದ್ದವಳು ಇನ್ನೂ ಎದ್ದಿಲ್ಲ. ಸ್ಟೂಲಿನ ಮೇಲೆ ಕೂರುವುದೂ ಹೋಯಿತು. ಇವರು ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾರೆ. ಡಾಕ್ಟರ್ ಮನೆಗೇ ಬಂದಿದ್ದರು. "ವಾಪಸ್ ಮೊದಲಿನ ಮಟ್ಟಕ್ಕೆ ಬರ್ತೀನಾ?" ಎಂದು ಕೇಳಿದೆ. ಸುಳ್ಳು ಹೇಳಲಿಲ್ಲ. ಪುಣ್ಯಾತ್ಗಿತ್ತಿ.

ನವೆಂಬರ್ 4

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಲಾಯರ್ ಫೋನಿನಲ್ಲಿ, ಮೆಲ್ಲಗೆ: "ಜಿಲ್ಲಾ ಮಟ್ಟದ ರೌಂಡಿಗೆ ನನ್ನ ಹೆಸರು ಬೇಡ ಮಿಸ್. ನಾನು ಮಾತಾಡಿದ್ರೆ ನಮ್ಮಮ್ಮಂಗೆ ಹುಷಾರು ತಪ್ಪುತ್ತೆ."

ಗೋಡೆ ಕಡೆ ತಿರುಗಿದೆ. ಅಳಬಾರದು. ಅಳುವಷ್ಟು ಇಲ್ಲ ನನ್ನಲ್ಲಿ.

ಮೂರು ದಿನವಾಯಿತು, ಮನೆಯಲ್ಲಿ ಅವಳು ಯಾವುದಕ್ಕೂ ವಾದ ಮಾಡಿಲ್ಲ.

ನವೆಂಬರ್ 7, ಬೆಳಿಗ್ಗೆ 8

ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನಿನ್ನೆಯೆಲ್ಲ ಯಾರ ಜೊತೆಗೂ ಮಾತಾಡಿರಲಿಲ್ಲ, ಇದಕ್ಕೆಂದೇ.

"ಹೆಸರು ಕೊಡು."

"ಕೊಟ್ರೆ ನೀನು ಬರ್ತೀಯ."

"ಬರಲ್ಲ."

"ಆವತ್ತೂ ಐದೇ ನಿಮಿಷ ಅಂದಿದ್ದೆ."

"ಇನ್ನು ಯಾವತ್ತೂ ಬರಲ್ಲ ಮಗಳೇ. ನೀನು ಗೆದ್ರೂ ಬರಲ್ಲ, ಸೋತ್ರೂ ಬರಲ್ಲ. ಹೋಗಿ ಮಾತಾಡು."

ಹೆತ್ತ ಮಗಳಿಗೆ ಹೇಳುವ ಮಾತೇ ಅದು. ಹೇಳಿದೆ. ತುಟಿ ಕಚ್ಚಿಕೊಂಡಳು. ವಾದ ಮಾಡುತ್ತಾಳೆಂದು ಕಾದೆ, ಮಾಡಲಿಲ್ಲ. ನನ್ನ ಹೊದಿಕೆ ಸರಿಮಾಡಿ, ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು, ಈ ಕಡೆ ತಿರುಗದೆ, ಏನೋ ಅಂದಳು. ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ಎಳೆದುಕೊಂಡು ಹೋದಳು. ಇವತ್ತಿನ ನನ್ನ ನಿಮಿಷಗಳು ಮುಗಿದವು, ಪೆನ್ಸಿಲ್ ಇಡುತ್ತೇನೆ.