ಅಂಚು ಸವೆದ ಟೈರ್

ಬೀಜಾಡಿ,
೧೪ ಮೇ ೨೦೨೫, ಬುಧವಾರ

ನನ್ನ ಹ್ವಾಯ್‌ಗೆ,

ಹೆಸರು ಹಿಡಿದು ಬರೆಯೋಣವೆಂದು ಪೆನ್ನು ಎತ್ತಿದೆ, ಕೈ ಬರಲಿಲ್ಲ. ಮದುವೆಯಾದಂದಿನಿಂದ ಹ್ವಾಯ್ ಎಂದೇ ಕರೆದವಳಿಗೆ ಕಾಗದದಲ್ಲಿ ಮಾತ್ರ ಎಲ್ಲಿಂದ ಧೈರ್ಯ ಬರಬೇಕು. ಹೇಗಿದ್ದೀರಿ? ಹೊಟ್ಟೆಯುರಿ ಕಡಿಮೆಯಾಯಿತೇ? ಕ್ಯಾಂಟೀನಿನಲ್ಲಿ ಊರಿಗೆಲ್ಲ ಊಟ ಬಡಿಸಿ, ಎಲ್ಲ ಮುಗಿದ ಮೇಲೆ ತಣ್ಣಗಿನ ವಡಾಪಾವ್ ತಿನ್ನುವವರಿಗೆ ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ. ಹೊತ್ತಿಗೆ ಸರಿಯಾಗಿ ಒಂದು ಲೋಟ ಗಂಜಿಯಾದರೂ ಕುಡಿಯಿರಿ. ಮಗಳು ಮೋಕ್ಷಿತಾ ಚೆನ್ನಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ, ಬಿದ್ದ ಹಲ್ಲನ್ನು ನಿಮಗೆ ಕಳಿಸಬೇಕಂತೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಈ ಕಾಲದಲ್ಲಿ ಕಾಗದ ಏಕೆ ಬರೆದಳು ಎಂದು ನೀವು ಹುಬ್ಬು ಗಂಟಿಕ್ಕಿರಬಹುದು. ನಮ್ಮ ಮನೆಯಲ್ಲಿ ಫೋನಿನಲ್ಲಿ ಪಿಸುಗುಟ್ಟಿದರೂ ಅತ್ತೆಗೆ ಕೇಳುತ್ತದೆ. ಇನ್ನು ನಿಮ್ಮ ತಮ್ಮ ಸುಜನ್, ನಮ್ಮೆಲ್ಲರ ಸುಜ, ಅವನ ಹೆಸರು ಎತ್ತಿದರೆ ನೀವು ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಇದು ಅವನ ಮಾತೇ, ಕೂತು ಪೂರ್ತಿ ಓದಿ.

ಸಾಸ್ತಾನದ ಪಂಕ್ಚರ್ ಅಂಗಡಿ ರಾಜೀವನ ಮಗಳು ಎಂದು ನೀವೇ ನನ್ನನ್ನು ನಾಲ್ಕು ಜನರೆದುರು ತಮಾಷೆ ಮಾಡುತ್ತೀರಲ್ಲ. ನಿಜ, ಹಳೆಯ ಟೈರುಗಳ ಮೇಲೆ ಕೂತೇ ನಾನು ಮಗ್ಗಿ ಕಲಿತದ್ದು. ನೀವು ಹೆಣ್ಣು ನೋಡಲು ಬಂದ ದಿನ ನಿಮ್ಮ ಮುಖಕ್ಕಿಂತ ಮೊದಲು ಬೈಕಿನ ಟೈರ್ ನೋಡಿದ್ದೆ. ಹಿಂದಿನದು ಅಲ್ಲಲ್ಲಿ ಚಪ್ಪಟೆಯಾಗಿತ್ತು. ನಾಯಿ ಅಡ್ಡ ಬರುವ ಮೊದಲೇ ಬ್ರೇಕ್ ತುಳಿಯುವ ಹೆದರುಪುಕ್ಕಲ, ಇವರ ಹಿಂದೆ ಕೂತರೆ ಜೀವಕ್ಕೆ ಮೋಸವಿಲ್ಲ ಎಂದು ಅಲ್ಲೇ ಒಪ್ಪಿಕೊಂಡೆ. ಮಾವನ ಟೈರ್ ಸವೆಯುವ ರೀತಿ ಬೇರೆ. ಗಂಗೊಳ್ಳಿಯಿಂದ ಮೀನಿನ ಪೆಟ್ಟಿಗೆ ಹೇರಿಕೊಂಡು, ಹಾರ್ನ್ ಒತ್ತುತ್ತ ಕೋಟದವರೆಗೆ ಮನೆಮನೆ ಸುತ್ತುವವರು. ಬೈಕನ್ನು ಒಂದು ದಿನವೂ ವಾಲಿಸಿದವರಲ್ಲ. ಅವರ ಟೈರಿನ ನಡು ಮಾತ್ರ ಸವೆದು ಮಣೆಯ ಹಾಗೆ ಸಪಾಟಾಗುತ್ತದೆ, ಅಂಚು ಅಂಗಡಿಯಿಂದ ತಂದಂತೆಯೇ ಉಳಿಯುತ್ತದೆ. ಸುಜನದು ಇದಕ್ಕೆ ತದ್ವಿರುದ್ಧ. ತಿರುವು ಕಂಡರೆ ಸಾಕು, ಬೈಕನ್ನು ಮಲಗಿಸಿಯೇ ಬಿಡುತ್ತಿದ್ದ. ನಡು ಸವೆಯುವ ಮೊದಲೇ ಅಂಚು ಬೋಳು. ನಾನು ಬೈದರೆ, "ಅತ್ಗೆ, ನೀವ್ ಟೈರ್ ಕಂಡೇ ಜಾತ್ಕ ಹೇಳ್ತ್ರಿ" ಎಂದು ನಗುತ್ತಿದ್ದ.

ಎರಡೂ ಬೈಕಿಗೆ ಒಂದೇ ಅಳತೆಯ ಟೈರ್ ಆದ್ದರಿಂದ ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸ ಟೈರ್ ಯಾವತ್ತೂ ಮೀನಿನ ಬೈಕಿಗೆ, ಅದರಿಂದ ಕಳಚಿದ ಅರ್ಧ ಸವೆದದ್ದು ಸುಜನ ಬೈಕಿಗೆ. ದೊಡ್ಡವನ ಅಂಗಿ ಚಿಕ್ಕವನಿಗೆ ಬಂದ ಹಾಗೆ. ಭಾರ ಹೊರುವುದಕ್ಕೆ ಒಳ್ಳೆಯದಿರಲಿ, ಹುಡುಗ ಒಬ್ಬನೇ ತಾನೇ ಹೋಗುವುದು ಎಂದು ಮಾವ ಹೇಳುತ್ತಿದ್ದರು, ನಮಗೆಲ್ಲ ಅದು ಸರಿಯೆಂದೇ ಕಾಣುತ್ತಿತ್ತು. ಹೋದ ವರ್ಷ ಆಸಾಡಿ ತಿಂಗಳ ಮಳೆಯಲ್ಲಿ ಅವನು ಬೈಂದೂರು ದಾಟಿ ಒತ್ತಿನೆಣೆಯ ತಿರುವಿನಲ್ಲಿ ಬಿದ್ದು ತೀರಿಕೊಂಡಾಗ ಬೈಕಿನ ಹಿಂದೆ ಇದ್ದದ್ದು ಮಾವ ಕಳಚಿಕೊಟ್ಟ ಟೈರ್. ಸ್ಟೇಷನ್ನಿನಿಂದ ಬೈಕ್ ಬಿಡಿಸಿ ತಂದವರು ನೀವು. ಅವನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಬೊಂಬಾಯಿ ಬಸ್ಸು ಹತ್ತಿದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಸಿಟ್ಟೂ ಬರುತ್ತದೆ.

ದೀಪಾವಳಿಯ ಹೊತ್ತಿಗೆ ಮಾವ ಆ ಬೈಕ್ ರಿಪೇರಿ ಮಾಡಿಸಿ ಹಿಂದೆ ಹೊಸ ಟೈರ್ ಹಾಕಿಸಿದರು. ನಿಂತಲ್ಲೇ ನಿಂತರೆ ಬ್ಯಾಟರಿ ಹೋಗುತ್ತದೆ ಎಂದು ಮಧ್ಯಾಹ್ನ ಉಂಡ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದರು. ನಾವು ಏನೂ ಕೇಳಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಶೆಡ್ಡು ಗುಡಿಸಲು ಹೋದವಳು ಆ ಟೈರ್ ಮುಟ್ಟಿ ನೋಡಿ ಹಿಡಿಸೂಡಿ ಕೈಬಿಟ್ಟೆ. ನಡು ಹೊಸದರ ಹಾಗೇ ಇತ್ತು, ಎರಡೂ ಅಂಚು ಬೋಳು. ಮಾವ ಓಡಿಸಿದ ಟೈರ್ ಹಾಗೆ ಸವೆದದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡದ್ದಿಲ್ಲ. ಅದು ಸುಜನ ಸವೆತ. ರಬ್ಬರ್ ಇನ್ನೂ ಬೆಚ್ಚಗಿತ್ತು. ಸುಳ್ಳೇಕೆ ಹೇಳಲಿ, ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು.

ಹಿಂದೆ ಬಂದು ನಿಂತಿದ್ದ ಅತ್ತೆ ಮಾತ್ರ ಹೆದರಲಿಲ್ಲ. "ನಿಂಗ್ ಈಗ ಗೊತ್ತಾಯ್ತಾ ಹೆಣ್ಣೆ. ನಿನ್ನ ಮಾವ ಒಬ್ರೇ ಅಲ್ಲ ಓಡ್ಸುದ್. ಮಾಣಿ ಒಟ್ಟಿಗಿದ್ದ" ಎಂದರು. ಮಳೆಯ ಮಾತು ಹೇಳಿದ ಹಾಗೆ ಹೇಳಿದರು. ಅಂದಿನಿಂದ ದಿನವೂ ಶೆಡ್ಡಿನ ಬಾಗಿಲಲ್ಲಿ ಬಾಳೆಲೆಯ ಮೇಲೆ ಹುರಿದ ಬಂಗುಡೆ ಇಡುತ್ತಾರೆ. ಅವನು ಹೋದ ಮೇಲೆ ಬಾಯಿ ಮುಚ್ಚಿಕೊಂಡಿದ್ದವರು ಈಗ ಒಲೆಯ ಮುಂದೆ ಕೂತು ಅವನೊಡನೆ ಮಾತಾಡುತ್ತಾರೆ. ಅವರನ್ನು ನೋಡಿ ನನಗೂ ಮರುಳು ಹಿಡಿಯಿತು. ಅಂಗಳದಲ್ಲಿ ಆ ಬೈಕಿನ ಸದ್ದು ಕೇಳಿದರೆ ನನಗೇ ತಿಳಿಯದೆ ಎರಡು ಲೋಟ ಚಾ ಸೋಸಿರುತ್ತಿದ್ದೆ. ಮಾವ ಎರಡನೆಯ ಲೋಟ ನೋಡಿ ಮುಖ ತಿರುಗಿಸುತ್ತಿದ್ದರು.

ಮೊನ್ನೆ ಭಾನುವಾರ ಗೆಳತಿ ಪ್ರೇಕ್ಷಾಳ ಮದುವೆಗೆ ಶಿರೂರಿಗೆ ಹೋಗಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ಒತ್ತಿನೆಣೆ ಹತ್ತಿರವಾದಂತೆ ಕಣ್ಣು ಮುಚ್ಚಿಕೊಂಡಿರೋಣ ಎಂದುಕೊಂಡವಳು ತೆರೆದೇ ಇದ್ದೆ. ಕಿಟಕಿಯಾಚೆ ಸುಜ ಹೋದ. ಅದೇ ಬೈಕ್, ಅದೇ ವಾಲುವಿಕೆ, ಮಂಡಿ ರಸ್ತೆಗೆ ತಾಗುವುದೊಂದು ಬಾಕಿ. ಬೈಕ್ ಕೆಳಗೆ ಹೋಗಿ ತಿರುಗಿ ಮತ್ತೆ ಮೇಲಕ್ಕೆ ಬಂತು, ಆಗ ಬಿಳಿಗಡ್ಡ ಕಾಣಿಸಿತು. ಬಸ್ಸು ನಿಲ್ಲಿಸಿ ಇಳಿದೆ. ಅರವತ್ತು ದಾಟಿದ ಮನುಷ್ಯ, ಒಂದು ದಿನವೂ ಬೈಕ್ ವಾಲಿಸದವರು, ಮಗ ಸತ್ತ ತಿರುವಿನಲ್ಲಿ ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಅಂವ ಬಿದ್ದದ್ದ್ ಅಂವ್ನ ಓಟಕ್ಕಾ, ನನ್ನ ಟೈರಿಗಾ, ಅದೊಂದ್ ನಂಗೆ ಗೊತ್ತಾಗ್ಬೇಕ್. ಅಂವ್ನ ಹಾಂಗೆ ವಾಲ್ಸುಕೆ ಈಗ ಕಲ್ತೆ. ಮಳಿ ಹಿಡಿಲಿ, ಆ ಹಳಿ ಟೈರ್ ಹಾಕಿ ಒಂದ್ಸಲ ಇಳ್ದ್ ಕಾಂತೆ. ಬಿದ್ರೆ ನನ್ನ ಟೈರ್. ಬೀಳ್ದಿದ್ರೆ ಅಂವ್ನ ಓಟ." ಇಷ್ಟು ತಿಂಗಳು ಅವರು ಊಟವಾದ ಮೇಲೆ ಹೋಗುತ್ತಿದ್ದದ್ದು ಇದಕ್ಕೆ. "ಮಾವ, ಆ ಟೈರ್ ನಾನು ನೋಡಿದ್ದೇನೆ, ಓಟದಿಂದಲೇ ಬಿದ್ದದ್ದು" ಎಂದೆ. ನಂಬಲಿಲ್ಲ. "ನನ್ನ ಬೇಜಾರ್ ಕಾಂಬುಕಾಗ್ದೆ ನೀ ಹೇಳುದ್. ಅಜಿತ ಹೇಳ್ಲಿ. ಬೈಕ್ ಬಿಡ್ಸ್‌ಕಂಡ್ ಬಂದಾಂವ ಅಂವ. ಅಂವ್ನಿಗೆ ಸುಳ್ಳ್ ಹೇಳುಕ್ ಬತ್ತಿಲ್ಲ" ಎಂದರು.

ಆ ಟೈರನ್ನು ಕದ್ದು ಎಸೆಯಬಾರದಿತ್ತೇ ಎನ್ನುವಿರಿ. ಅದು ಬಲೆ ಇಡುವ ಕೋಣೆಯಲ್ಲಿದೆ, ಕೋಣೆಗೆ ಬೀಗ, ಬೀಗದ ಕೈ ಮಾವನ ಸೊಂಟದಲ್ಲಿ. ಅತ್ತೆಗೆ ನಾನು ಏನೂ ಹೇಳಿಲ್ಲ. ಮಗ ಬಂದು ಓಡಿಸುತ್ತಿದ್ದಾನೆ ಎಂಬ ಒಂದು ಆಸೆಯ ಮೇಲೆ ಅವರು ಎರಡು ತುತ್ತು ಉಣ್ಣುತ್ತಿದ್ದಾರೆ, ಅದನ್ನು ಕಿತ್ತುಕೊಳ್ಳುವ ಕೈ ನನ್ನದಲ್ಲ. ಈ ಸಲ ಮಳೆ ಬೇಗ ಎನ್ನುತ್ತಿದ್ದಾರೆ, ಕಡಲಿನ ನೀರು ಆಗಲೇ ಮಸುಕಾಗಿದೆ. ಫೋನಿನಲ್ಲಿ ಹೇಳಿದರೆ ಮಾವ ಒಪ್ಪುವುದಿಲ್ಲ. ರಜೆ ಕೊಡದಿದ್ದರೆ ಕೆಲಸ ಬಿಟ್ಟಾದರೂ ಬನ್ನಿ. ಕ್ಯಾಂಟೀನ್ ಇನ್ನೊಂದು ಸಿಗುತ್ತದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಯಾರಿಗೆ ಬರೆಯುತ್ತಿದ್ದೇನೆ ಎಂಬುದು ಮಾತ್ರ ಗೊತ್ತು, ಏನೆಂಬುದು ಗೊತ್ತಿಲ್ಲ. ಮೋಕ್ಷಿತಾಳ ಹಲ್ಲನ್ನು ಈ ಕವರಿನಲ್ಲಿ ಇಟ್ಟಿಲ್ಲ, ಬಂದೇ ನೋಡಿ.

ನಿಮ್ಮ ದಾರಿ ಕಾಯುವ,
ದಿವ್ಯಾ

ತಾ.ಕ.: ಕವರ್ ಅಂಟಿಸುವ ಮೊದಲು ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ದಂಡ. ನಾನು ಮಾವನಿಗೆ ಹೇಳಿದ್ದು ಸುಳ್ಳು. ನೀವು ಬೈಕ್ ತಂದ ದಿನವೇ ಆ ಟೈರನ್ನು ನೋಡಿದ್ದೆ. ಬೀಳುವಾಗ ಉಜ್ಜಿದ ಒಂದು ಕಡೆ ಬಿಟ್ಟರೆ ಅಂಚಿನಲ್ಲೆಲ್ಲ ಹೊಸ ಟೈರಿಗೆ ಇರುವ ರಬ್ಬರಿನ ಕೂದಲು ಸಹ ಹಾಗೇ ಇತ್ತು. ಅದನ್ನು ಹಾಕಿಕೊಂಡ ಮೇಲೆ ಸುಜ ಒಮ್ಮೆಯೂ ಬೈಕ್ ವಾಲಿಸಿರಲಿಲ್ಲ. ಮಳೆಯಲ್ಲಿ ಆ ಸಪಾಟು ಟೈರ್ ನೆಲ ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಪ್ಪನ ಹಾಗೆಯೇ ಮೆಲ್ಲಗೆ ಹೋಗುತ್ತಿದ್ದ, ಮೆಲ್ಲಗೆ ಹೋಗಿಯೇ ಬಿದ್ದ. ನೀವು ಬಂದು ಮಾವನ ಮುಖ ನೋಡಿ, ಹುಡುಗ ಜೋರಾಗಿ ಬಂದಿದ್ದ ಎಂದು ನೋಡಿದವರೇ ಹೇಳಿದರು ಎನ್ನಬೇಕು. ತಪ್ಪು ಮಾಡದ ತಮ್ಮನ ಮೇಲೆ ತಪ್ಪು ಹೊರಿಸಬೇಕು. ನಿಮಗೆ ಬಾಯಿ ಬರುವುದಿಲ್ಲ ಎಂದು ಗೊತ್ತು, ಬರೆಯುವ ನನಗೂ ಕೈ ಬರುತ್ತಿಲ್ಲ. ಆದರೆ "ಅಪ್ಪಯ್ಯಾ, ಈ ಟೈರ್ ಆಗುವುದಿಲ್ಲ" ಎಂದು ಅವನೇ ಒಂದು ದಿನವೂ ಅವರಿಗೆ ಹೇಳಲಿಲ್ಲ. ನಾವೂ ಹೇಳುವುದು ಬೇಡ.