ಬಣ್ಣವಿಲ್ಲದ ರಸ್ತೆ

ಕಣ್ಣಾಸ್ಪತ್ರೆಯ ಮೇಲ್ಮಹಡಿ, ಕಿಟಕಿ ಪಕ್ಕದ ಬೆಂಚು
ಮಂಗಳವಾರ, ಇಳಿಹೊತ್ತು

ನನ್ನ ದೂರದ ಯಜಮಾನರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹಡಗೇನೂ ನಿಮ್ಮೊಬ್ಬರ ಹೆಗಲ ಮೇಲೆ ತೇಲುತ್ತಿಲ್ಲ. ನಡುಗಡಲಿನಲ್ಲಿ ನಿಮ್ಮ ಫೋನು ಸಿಗುತ್ತಿಲ್ಲ, ಅದಕ್ಕೇ ಮುಂದಿನ ಬಂದರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅತ್ತೆ ಈಗ ಆಪರೇಷನ್ ಕೋಣೆಯಲ್ಲಿದ್ದಾರೆ. ಗಾಬರಿಯಾಗಬೇಡಿ, ಒಳ್ಳೆಯ ಸುದ್ದಿಯೇ. ನಾವು ಕಾಯುತ್ತಿದ್ದ ಕಣ್ಣು ಬಂತು.

ಬೆಳಿಗ್ಗೆ ಅವರ ತಲೆ ಬಾಚುತ್ತಿದ್ದಾಗ ಆಸ್ಪತ್ರೆಯಿಂದ ಫೋನು. ಯಾರೋ ಪುಣ್ಯಾತ್ಮರು ಕಣ್ಣು ದಾನ ಮಾಡಿದ್ದಾರೆ, ಮಧ್ಯಾಹ್ನದೊಳಗೆ ಬಂದುಬಿಡಿ, ತಡವಾದರೆ ಬೇರೆಯವರನ್ನು ಕರೆಯಬೇಕಾಗುತ್ತದೆ ಎಂದರು. ನಾನು ಬಾಚಣಿಗೆ ಹಿಡಿದೇ ನಿಂತಿದ್ದೆ. ಅತ್ತೆಯೇ ಎದ್ದು, "ಅರ್ಧ ಜಡೇಲೇ ಹೋಗೋಣ ನಡಿಯೇ, ಅಲ್ಲಿ ನನ್ನ ಕೂದಲು ಯಾರು ನೋಡ್ತಾರೆ?" ಎಂದರು.

ಕಾರಿನ ಪರದೆಯಲ್ಲಿ ಟ್ರಾಫಿಕ್ ನೋಡುವುದನ್ನು ಹಡಗಿಗೆ ಹೊರಡುವ ಮುನ್ನ ನೀವು ಹೇಳಿಕೊಡುತ್ತಿದ್ದರೆ ನಾನು ಆಕಳಿಸುತ್ತಾ ಕೂತಿದ್ದೆನಲ್ಲ, ಇವತ್ತು ಅದನ್ನೇ ನೆನೆದು ಒತ್ತಿದೆ. ಊರಿಗೆ ಊರೇ ಬಣ್ಣದ ನೂಲಿನ ಉಂಡೆಯಂತೆ ಬಿಚ್ಚಿಕೊಂಡಿತು. ಸರಾಗವಾದ ರಸ್ತೆಗಳು ಹಸಿರು, ನಿಧಾನದವು ಹಳದಿ, ನಾವು ದಾಟಬೇಕಿದ್ದ ಸೇತುವೆ ಮಾತ್ರ ಕಡುಗೆಂಪು. ಅತ್ತೆಯ ಮಂಜುಗಣ್ಣಿಗೂ ಆ ಕೆಂಪು ಕಂಡಿತು. ಅಷ್ಟರಲ್ಲಿ ಕಾರಿನೊಳಗಿನ ಹೆಣ್ಣುದನಿ ಮುಂದೆ ದಟ್ಟಣೆ ಇದೆ, ದಾರಿ ಬದಲಿಸಲೇ ಎಂದು ಕೇಳಿತು. "ಇಲ್ಲೇ ಕೂತಿರೋ ಅವಳಿಗೆ ಯಾರೇ ಹೇಳಿದ್ದು?" ಎಂದರು ಅತ್ತೆ. ಮುಂದೆ ಸಿಕ್ಕಿಕೊಂಡಿರುವ ಗಾಡಿಗಳಿಂದಲೇ ಗೊತ್ತಾಗುತ್ತದಂತೆ ಎಂದೆ. "ಪಾಪ, ತಾವು ಸಿಕ್ಕಿಹಾಕ್ಕೊಂಡು ನಮಗೆ ಹೇಳ್ತಿದ್ದಾರೆ" ಎಂದು ಮರುಗಿದರು. ಗುರುತಿಲ್ಲದ ದಾರಿ ಎಂದು ನಾನು ಹಿಂದೆಮುಂದೆ ನೋಡಿದೆ. "ಗುರುತಿರೋ ದಾರಿ ನಿಂತುಬಿಟ್ಟಿದೆಯಲ್ಲ, ಒತ್ತು" ಎಂದರು. ಒತ್ತಿದೆ.

ಗೋದಾಮುಗಳ ಹಿಂಬದಿ ಹಾದು ಕಾಲುವೆಯ ಪಕ್ಕದ ಕಿರುದಾರಿಗೆ ಇಳಿದೆವು. ಪರದೆಯಲ್ಲಿ ಅದಕ್ಕೆ ಹಸಿರೂ ಇಲ್ಲ, ಕೆಂಪೂ ಇಲ್ಲ. ಬಣ್ಣ ಇಲ್ಲದಿದ್ದರೆ ರಸ್ತೆ ಖಾಲಿ ಎಂದಲ್ಲ, ಅಲ್ಲಿಂದ ಸುದ್ದಿ ಬಂದಿಲ್ಲ ಎಂದು ನೀವು ಹೇಳಿದ್ದು ನೆನಪಾಗಿ ಕಾರಿನ ವೇಗ ತಗ್ಗಿಸಿದೆ. ಆದರೆ ಏನು ಹೇಳಲಿ, ಎರಡೂ ಬದಿಯ ಮರಗಳು ತಲೆಗೆ ತಲೆ ಹಚ್ಚಿ ನಿಂತಿದ್ದವು, ಬಿಸಿಲು ಚೂರುಚೂರಾಗಿ ಅತ್ತೆಯ ಮಡಿಲಿಗೆ ಬೀಳುತ್ತಿತ್ತು. ಅವಸರದಲ್ಲಿ ಹೊರಟವರು ನಾವೇನಾ ಅನ್ನಿಸುವಷ್ಟು ನಿಶ್ಶಬ್ದ. ಕಾರು ನೀರಿನ ಮೇಲೆ ಹೋಗುತ್ತಿರುವಂತಿತ್ತು. ನಿಮ್ಮ ಹಡಗೂ ಹೀಗೇ ಹೋಗುತ್ತದೇನೋ. ಅತ್ತೆ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿದ್ದರು. ಬಹಳ ಹೊತ್ತಿನ ಮೇಲೆ, "ಕಣ್ಣು ಕೊಟ್ಟೋರ ಮನೇಲಿ ಇವತ್ತು ಹೇಗಿರುತ್ತೋ" ಎಂದರು.

ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತು ಹಲಗೆ ಇಳಿಸುತ್ತಿತ್ತು. ಹಿಂದೆ ಹೋಗುವಂತಿಲ್ಲ, ಮುಂದೆ ಜಾಗವಿಲ್ಲ. ನಾನು ಇಳಿದು, ಹಲಗೆ ಇಳಿಸಿಕೊಳ್ಳುತ್ತಿದ್ದ ಬಡಗಿಯ ಹತ್ತಿರ ಹೋದೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಕಣ್ಣು, ಆಪರೇಷನ್ನು ಎಂದಷ್ಟೇ ತೊದಲಿದೆ. ಅವನು ಕಾರಿನತ್ತ ಒಮ್ಮೆ ನೋಡಿ, "ಲೇ, ಹಲಗೆ ಆಮೇಲೆ, ಗಾಡಿ ತೆಗಿ ಮೊದ್ಲು!" ಎಂದು ಕೂಗಿದ. ಲಾರಿ ಗೋಡೆಗೆ ಒತ್ತಿ ನಿಂತಿತು. ನಾವು ಕನ್ನಡಿ ಮಡಚಿಕೊಂಡು ನುಸುಳಿದೆವು. ಆಮೇಲೆ ಆಸ್ಪತ್ರೆಯ ಬಾಗಿಲವರೆಗೂ ಹಸಿರೇ.

ಈಗಷ್ಟೇ ನರ್ಸು ಬಂದು ಎಲ್ಲ ಸುಸೂತ್ರವಾಗಿ ಮುಗಿಯಿತೆಂದಳು. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಕಡಲು ನಿಮ್ಮನ್ನು ಜೋಪಾನವಾಗಿ ಕರೆತರಲಿ.

ನಿಮ್ಮವಳು

ತಾ.ಕ.: ಬುಧವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರಕ್ಕೆ ನಗಬೇಡಿ. ಪಟ್ಟಿ ಬಿಚ್ಚಿದರು. ಚೆನ್ನಾಗಿ ಕಾಣಲು ತಿಂಗಳುಗಳೇ ಬೇಕಂತೆ, ಆದರೂ ಹತ್ತಿರದ್ದು ಮಸುಕುಮಸುಕಾಗಿ ಕಾಣುತ್ತಿದೆ. ನಾನು ನಿಮ್ಮ ಮನೆಗೆ ಬರುವಷ್ಟರಲ್ಲೇ ಅವರ ಕಣ್ಣಿಗೆ ಮಂಜು ಕವಿದಿತ್ತು, ಗೊತ್ತಲ್ಲ. ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ನಾನು ಅತ್ತುಬಿಟ್ಟೆ. "ಅಳ್ಬೇಡ ಕಣೇ, ಮುಖ ಸೊಟ್ಟಗಾಗುತ್ತೆ. ನಮ್ಮ ಸೊಸೆ ಹೇಗಿದ್ದಾಳೆ ಅಂತ ಸರಿಯಾಗಿ ನೋಡೋಕೆ ಬಿಡು" ಎಂದರು.